ಓದುಗರ ಪ್ರಶ್ನೆ: ಇದು ಲಾಗರ್ರೋ, ಐಪಿಎಯೋ?

ಪ್ರಶ್ನೆ: ಎರಡು ವರ್ಷಗಳಿಂದ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದೇನೆ. ಬೆಂಗಳೂರಿನಲ್ಲಿದ್ದಾಗ ಲಾಗರ್ ಬಿಟ್ಟು ಬೇರೆ ಬಿಯರ್ ಕುಡಿದವನಲ್ಲ. ಕಳೆದ ವಾರ ಸಹೋದ್ಯೋಗಿಯೊಬ್ಬರು ಫ್ರೇಮಿಂಗ್‌ಹ್ಯಾಮ್‌ನ ಜ್ಯಾಕ್ಸ್ ಆ್ಯಬಿ ಎಂಬ ಬ್ರೂವರಿಯ ‘ಹಾಪೋನಿಯಸ್ ಯೂನಿಯನ್’ ಬಿಯರ್ ಕೊಡಿಸಿ, ಇದು ‘ಇಂಡಿಯಾ ಪೇಲ್ ಲಾಗರ್’ ಎಂದರು. ಮೂಗಿಗೆ ಐಪಿಎ (ಇಂಡಿಯಾ ಪೇಲ್ ಏಲ್), ಗಂಟಲಿಗೆ ಲಾಗರ್ ಅನ್ನಿಸಿತು. ಎರಡನ್ನೂ ಬೆರೆಸಿದ್ದೇ? ಇದರ ರುಚಿ ನೋಡುವ ಕ್ರಮ ಯಾವುದು?
– ಹೆಸರು ಬೇಡವೆಂದಿರುವ ಓದುಗರು

ಉತ್ತರ: ನಿಮ್ಮ ಮೂಗೂ ಗಂಟಲೂ ನಿಜವನ್ನೇ ಹೇಳಿವೆ, ಆದರೆ ಇದು ಎರಡು ಬಿಯರ್‌ಗಳನ್ನು ಒಂದೇ ಲೋಟಕ್ಕೆ ಸುರಿದ ಮಿಶ್ರಣವಲ್ಲ. ಬಿಯರ್ ಲಾಗರ್ ಆಗುವುದೋ ಏಲ್ ಆಗುವುದೋ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಯೀಸ್ಟ್ ಮತ್ತು ಅದು ಕೆಲಸ ಮಾಡುವ ತಾಪಮಾನ. ಐಪಿಎ ಏಲ್ ಕುಲಕ್ಕೆ ಸೇರಿದ್ದು. ಅದರ ಯೀಸ್ಟ್ ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗುವಾಗ ತನ್ನದೇ ಆದ ಹಣ್ಣಿನ ಪರಿಮಳವನ್ನು ಬಿಯರಿನಲ್ಲಿ ಬಿಡುತ್ತದೆ. ಲಾಗರ್ ಯೀಸ್ಟ್ ಸಾಮಾನ್ಯವಾಗಿ 8ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಕೆಲಸ ಮುಗಿಸುತ್ತದೆ. ಆಮೇಲೆ ಬಿಯರನ್ನು ಶೂನ್ಯದ ಆಸುಪಾಸಿನಲ್ಲಿ ವಾರಗಟ್ಟಲೆ ಮಾಗಲು ಬಿಡುವುದರಿಂದ ಯೀಸ್ಟಿನ ಗುರುತು ಬಹುಮಟ್ಟಿಗೆ ಅಳಿದು, ರುಚಿ ತಿಳಿಯಾಗುತ್ತದೆ. ಇಂಡಿಯಾ ಪೇಲ್ ಲಾಗರ್ ತಯಾರಿಸುವವರು ಈ ಕ್ರಮವನ್ನು ಉಳಿಸಿಕೊಂಡು, ಅಮೆರಿಕದ ಐಪಿಎಗೆ ಹಾಕುವಷ್ಟೇ ಧಾರಾಳವಾಗಿ ಹಾಪ್ಸ್ ಹೂವನ್ನು ಹಾಕುತ್ತಾರೆ.

ಇದರಲ್ಲೊಂದು ಇಕ್ಕಟ್ಟಿದೆ. ಲಾಗರ್‌ಗೆ ಕಾಲ ಬೇಕು. ಹಾಪ್ಸಿನ ಘಮವಾದರೋ ಕಾಲ ಕಳೆದಂತೆ ಆರಿಹೋಗುತ್ತದೆ. ಆದ್ದರಿಂದ ಕುದಿಯುವ ಹಂತದಲ್ಲಿ ಕಹಿಗಾಗಿ ಒಂದಿಷ್ಟು ಹಾಪ್ಸ್ ಹಾಕಿ, ಘಮಕ್ಕೆ ಬೇಕಾದುದನ್ನು ಹುದುಗುವಿಕೆಯ ಕೊನೆಗೆ, ತಣ್ಣಗಿರುವ ಬಿಯರಿಗೇ ಸೇರಿಸುತ್ತಾರೆ. ಒಗ್ಗರಣೆಯ ಇಂಗನ್ನು ಕೊನೆಗೆ ಹಾಕಿ ಮುಚ್ಚಳ ಮುಚ್ಚುವವರಿಗೆ ಈ ಜಾಣತನ ಹೊಸದಲ್ಲ. ಮೂವರು ಸಹೋದರರು 2011ರಲ್ಲಿ ಲಾಗರ್‌ಗೆಂದೇ ಆರಂಭಿಸಿದ ಜ್ಯಾಕ್ಸ್ ಆ್ಯಬಿಯ ಈ ಬಿಯರಿನಲ್ಲಿ ಸಿಟ್ರಾ ಮತ್ತು ಸೆಂಟೆನಿಯಲ್ ಎಂಬ ಅಮೆರಿಕದ ಹಾಪ್ಸ್ ತಳಿಗಳಿವೆ. ಮದ್ಯಸಾರ ಶೇ 6.5. ಸಾಮಾನ್ಯ ಲಾಗರ್‌ನ ಶೇ 5ಕ್ಕೆ ಒಗ್ಗಿದವರು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು, ಮನೆಗೆ ಕಾರು ಓಡಿಸುವವರಂತೂ ಇದನ್ನು ಮುಟ್ಟಲೇಬಾರದು.

ಇನ್ನು ರುಚಿಯ ಮಾತು. ಮೊದಲು ಡಬ್ಬಿಯ ತಳದಲ್ಲೋ ಪಕ್ಕದಲ್ಲೋ ಅಚ್ಚಾದ ದಿನಾಂಕ ನೋಡಿ. ಹಾಪ್ಸ್ ಹೆಚ್ಚಿರುವ ಬಿಯರ್ ತಾಜಾ ಇದ್ದಷ್ಟೂ ಒಳ್ಳೆಯದು. ಅಂಗಡಿಯೊಂದರ ಕಪಾಟಿನಲ್ಲಿ ತಿಂಗಳುಗಟ್ಟಲೆ ಬೆಚ್ಚಗೆ ಕುಳಿತಿದ್ದ ಇಂಥದೇ ಬಿಯರನ್ನು ನಾನೊಮ್ಮೆ ತಂದು ತೆರೆದಾಗ ಸಿಕ್ಕಿದ್ದು ಒದ್ದೆ ರಟ್ಟಿನ ವಾಸನೆ ಮತ್ತು ಬರೀ ಕಹಿ. ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ಸ್ವಲ್ಪ ಹೊತ್ತು ಹೊರಗಿಡಿ. 7–8 ಡಿಗ್ರಿಗೆ ಬಂದರೆ ಸಾಕು. ಐಸಿನಷ್ಟು ತಣ್ಣಗಿದ್ದರೆ ಘಮ ಮೇಲೇಳುವುದಿಲ್ಲ. ಡಬ್ಬಿಯಿಂದಲೇ ಕುಡಿಯದೆ, ಸೋಪಿನ ಜಿಡ್ಡಿಲ್ಲದ ಗಾಜಿನ ಲೋಟಕ್ಕೆ, ಎರಡು ಬೆರಳಿನಷ್ಟು ನೊರೆ ಏಳುವಂತೆ ಸುರಿಯಿರಿ. ನೊರೆ ಒಡೆಯುವಾಗಲೇ ಮೂಗನ್ನು ಹತ್ತಿರ ತಂದರೆ ಆಗತಾನೆ ಸುಲಿದ ಚಕ್ಕೋತದ ಸಿಪ್ಪೆ, ಅದರ ಹಿಂದೆ ಮಾವಿನ ಸೊನೆಯನ್ನು ನೆನಪಿಸುವ ಅಂಟು ವಾಸನೆ ಬರುತ್ತದೆ. ಮೊದಲ ಗುಟುಕನ್ನು ಕೂಡಲೇ ನುಂಗದೆ ನಾಲಿಗೆಯ ಮೇಲೆ ಹೊರಳಿಸಿ. ಬ್ರೆಡ್ಡಿನ ಅಂಚಿನಂಥ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ತೆಳು ಸಿಹಿ, ಬೆನ್ನಿಗೇ ಕಹಿ.

ನನ್ನ ಮಟ್ಟಿಗೆ ಈ ಬಗೆಯ ಬಿಯರಿನ ನಿಜವಾದ ಪರೀಕ್ಷೆ ನುಂಗಿದ ನಂತರದ ಅರ್ಧ ನಿಮಿಷದಲ್ಲಿದೆ. ಏಲ್‌ನಲ್ಲಿ ಯೀಸ್ಟಿನ ಹಣ್ಣಿನ ಪರಿಮಳ ಹಾಪ್ಸಿನ ಒರಟನ್ನು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಇಲ್ಲಿ ಆ ಮರೆಯಿಲ್ಲ. ಹಾಪ್ಸ್ ಚೆನ್ನಾಗಿದ್ದರೆ ಕಹಿ ಚುರುಕಾಗಿ ಬಂದು, ಬಾಯನ್ನು ಒಣಗಿಸಿ, ಹೊರಟುಹೋಗುತ್ತದೆ. ಕಳಪೆಯಾಗಿದ್ದರೆ ಕತ್ತರಿಸಿದ ಹುಲ್ಲಿನ ವಾಸನೆಯೂ ಎಳೆ ಬಾಳೆಕಾಯಿಯ ಒಗರೂ ನಾಲಿಗೆಯ ಹಿಂಭಾಗದಲ್ಲಿ ಉಳಿದುಬಿಡುತ್ತವೆ.

ಹೆಸರಿನ ‘ಇಂಡಿಯಾ’ದ ಬಗ್ಗೆ ಒಂದು ಮಾತು. 18–19ನೇ ಶತಮಾನಗಳಲ್ಲಿ ಇಂಗ್ಲೆಂಡಿನಿಂದ ಭಾರತದಲ್ಲಿದ್ದ ಬ್ರಿಟಿಷರಿಗಾಗಿ ಹಡಗೇರುತ್ತಿದ್ದ, ಹಾಪ್ಸ್ ಹೆಚ್ಚಿದ್ದ ಪೇಲ್ ಏಲ್‌ನಿಂದ ಬಂದ ಹೆಸರದು. ಲಾಗರ್‌ಗೆ ಅದು ಐಪಿಎಯ ನಂಟಿನಿಂದ ಅಂಟಿಕೊಂಡಿದೆ.

ಪ್ರಶ್ನೆ: ‘ಕೋಲ್ಡ್ ಐಪಿಎ’ ಎಂಬುದೂ ಇದೇ ಏನು?
– ಇನ್ನೊಬ್ಬ ಓದುಗರು

ಉತ್ತರ: ನೆಂಟರು, ಆದರೆ ಬೇರೆ. ಆ ಹೆಸರು ಚಲಾವಣೆಗೆ ಬಂದದ್ದು 2018ರಲ್ಲಿ, ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ ವೇಫೈಂಡರ್ ಬಿಯರ್ ಎಂಬ ಬ್ರೂವರಿಯಲ್ಲಿದ್ದ ಕೆವಿನ್ ಡೇವಿಯವರಿಂದ. ಬಾರ್ಲಿ ಮಾಲ್ಟಿನ ಜೊತೆಗೆ ಅಕ್ಕಿಯನ್ನೋ ಮೆಕ್ಕೆಜೋಳವನ್ನೋ ಸೇರಿಸಿ ಬಿಯರಿನ ಮೈಯನ್ನು, ಅಂದರೆ ಬಾಯಲ್ಲಿ ಅನ್ನಿಸುವ ದಪ್ಪವನ್ನು, ಹಗುರಾಗಿಸುತ್ತಾರೆ. ಲಾಗರ್ ಯೀಸ್ಟನ್ನೇ ಬಳಸಿದರೂ, ವಾಡಿಕೆಗಿಂತ ತುಸು ಬೆಚ್ಚಗೆ ಹುದುಗಿಸುತ್ತಾರೆ. ಹೆಸರಿನಲ್ಲಿ ತಂಪಿದ್ದರೂ ಇದನ್ನು ಐಸಿನಷ್ಟು ತಣ್ಣಗೆ ಕುಡಿಯಬೇಕಿಲ್ಲ. ಎರಡೂ ಸಿಕ್ಕ ದಿನ ಮೊದಲು ಕೋಲ್ಡ್ ಐಪಿಎಯ ಅರ್ಧ ಲೋಟ, ನಡುವೆ ನೀರು ಮತ್ತು ಉಪ್ಪಿಲ್ಲದ ಬ್ರೆಡ್ಡಿನ ತುಣುಕು, ಬಳಿಕ ಇಂಡಿಯಾ ಪೇಲ್ ಲಾಗರ್‌ನ ಅರ್ಧ ಲೋಟ ತೆಗೆದುಕೊಳ್ಳಿ. ಎರಡನೆಯದರಲ್ಲಿ ಮಾಲ್ಟಿನ ಮೈ ಎಷ್ಟು ತುಂಬಿದೆ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.