ಟೊಮೆಟೊ ಕಾಯಿ ಕೊರೆಯುವ ಹುಳುವಿಗೆ ಸುರಕ್ಷಿತ ಪರಿಹಾರವೇನು?

ಪ್ರಶ್ನೆ: ಹಿತ್ತಲಿನಲ್ಲಿ ಬೆಳೆಸಿರುವ ಟೊಮೆಟೊ ಗಿಡಗಳ ಎಲೆಗಳಲ್ಲಿ ತೂತುಗಳಾಗಿವೆ. ಕೆಲವು ಹಸಿರು ಕಾಯಿಗಳಲ್ಲೂ ರಂಧ್ರವಿದ್ದು, ಒಳಗೆ ಹುಳುಗಳಿವೆ. ಮಕ್ಕಳು ಗಿಡದಿಂದಲೇ ಹಣ್ಣು ಕಿತ್ತು ತಿನ್ನುವುದರಿಂದ ವಿಷದ ಔಷಧಿ ಸಿಂಪಡಿಸಲು ಮನಸ್ಸು ಒಪ್ಪುತ್ತಿಲ್ಲ. ಬೇರೆ ದಾರಿ ಇದೆಯೇ?

ಉತ್ತರ: ನೀವು ಹೇಳಿರುವ ಲಕ್ಷಣಗಳು ಕಾಯಿಕೊರಕ ಹುಳುವಿನ ಬಾಧೆಯನ್ನು ಸೂಚಿಸುತ್ತವೆ. ಇದರ ಪತಂಗವು ರಾತ್ರಿಯ ವೇಳೆ ಹೂವಿನ ಸಮೀಪದ ಎಳೆಯ ಎಲೆಗಳ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ; ಕೆಲವೇ ದಿನಗಳಲ್ಲಿ ಹೊರಬರುವ ಮರಿಹುಳು ಸ್ವಲ್ಪ ಕಾಲ ಎಲೆಯನ್ನು ತಿಂದು, ನಂತರ ಕಾಯಿಯನ್ನು ಕೊರೆಯುತ್ತದೆ. ಒಮ್ಮೆ ಅದು ಕಾಯಿಯೊಳಗೆ ಸೇರಿಕೊಂಡರೆ ಮೇಲಿನಿಂದ ಏನನ್ನು ಸಿಂಪಡಿಸಿದರೂ ಅದಕ್ಕೆ ತಾಗುವುದಿಲ್ಲ. ಆದ್ದರಿಂದ ಯಾವ ಔಷಧಿ ಎಂಬುದಕ್ಕಿಂತ ಯಾವಾಗ ಎಂಬುದೇ ಇಲ್ಲಿ ಮುಖ್ಯ.

ಗಿಡ ಹೂಬಿಡಲು ಆರಂಭಿಸಿದಾಗಿನಿಂದ ಎರಡು ದಿನಕ್ಕೊಮ್ಮೆ ಎಲೆಗಳ ಎರಡೂ ಬದಿಗಳನ್ನು ಪರೀಕ್ಷಿಸಿರಿ. ಎಲೆಯ ಮೇಲೆ ಕಪ್ಪು ಹಿಕ್ಕೆಗಳು ಬಿದ್ದಿದ್ದರೆ ಹುಳು ಅದರ ಮೇಲ್ಭಾಗದಲ್ಲಿಯೇ ಎಲ್ಲೋ ಇರುತ್ತದೆ. ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದು ಹಿತ್ತಲಿನ ಕೆಲವೇ ಗಿಡಗಳಿಗೆ ಎಲ್ಲಕ್ಕಿಂತ ಉತ್ತಮ ಉಪಾಯವೆಂದು ನನ್ನ ದೃಢ ಅಭಿಪ್ರಾಯ. ಆದರೆ ಮೈಮೇಲೆ ಅಕ್ಕಿಕಾಳಿನಂತಹ ಬಿಳಿ ಗೂಡುಗಳನ್ನು ಹೊತ್ತ ಹುಳು ಕಂಡರೆ ಅದನ್ನು ಕೊಲ್ಲಬೇಡಿ. ಆ ಗೂಡುಗಳಿಂದ ಹೊರಬರುವ ಪುಟ್ಟ ಕಣಜಗಳು ಇನ್ನಷ್ಟು ಹುಳುಗಳನ್ನು ನಾಶಮಾಡಿ ನಿಮಗೆ ನೆರವಾಗುತ್ತವೆ.

ಹುಳುಗಳು ಕೈಗೆ ಮೀರಿದ್ದರೆ ಬಿಟಿ ಎಂದು ಕರೆಯುವ ಜೈವಿಕ ಕೀಟನಾಶಕವನ್ನು ಬಳಸಬಹುದು. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ತಯಾರಾಗುವ ಇದರಲ್ಲಿ ಕುರ್ಸ್ಟಾಕಿ ಎಂಬ ಬಗೆಯನ್ನೇ ಕೇಳಿ ಪಡೆಯಿರಿ. ಇದರ ಪ್ರೋಟೀನ್ ಮರಿಹುಳುವಿನ ಕರುಳಿನ ಕ್ಷಾರೀಯ ವಾತಾವರಣದಲ್ಲಿ ಮಾತ್ರ ವಿಷವಾಗಿ ಪರಿಣಮಿಸುವುದರಿಂದ ಮನುಷ್ಯರಿಗೂ ಜೇನುನೊಣಗಳಿಗೂ ಅಪಾಯ ಅತ್ಯಲ್ಪ. ಎಲೆಯೊಡನೆ ಇದನ್ನು ತಿಂದ ಹುಳು ಕೆಲವೇ ಗಂಟೆಗಳಲ್ಲಿ ಮೇಯುವುದನ್ನು ನಿಲ್ಲಿಸಿದರೂ ಸಾಯಲು ಕೆಲವು ದಿನ ಹಿಡಿಯುತ್ತದೆ. ಮರುದಿನವೂ ಹುಳು ಜೀವಂತವಾಗಿದೆಯೆಂದು ಪ್ರಮಾಣವನ್ನು ಹೆಚ್ಚಿಸಬೇಕಾಗಿಲ್ಲ. ಬಿಸಿಲಿಗೆ ಇದರ ಶಕ್ತಿ ಬೇಗ ಕುಂದುವುದರಿಂದ ಸಂಜೆ ಸಿಂಪಡಿಸಿ, ಮಳೆ ಬಂದರೆ ಪುನಃ ಸಿಂಪಡಿಸಿರಿ. ಬಲಿತ ಹುಳುಗಳ ಮೇಲೆ ಇದರ ಪರಿಣಾಮ ಕಡಿಮೆ.

ಬಿಟಿ ದೊರೆಯದಿದ್ದಲ್ಲಿ ಬೇವಿನ ಬೀಜದ ಕಷಾಯವನ್ನು ಬಳಸಿರಿ. ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಒಂದೆರಡು ಹನಿ ಸೌಮ್ಯ ಸೋಪು ಬೆರೆಸಿದರೆ ಸಾಕು. ಇದು ಹುಳುವಿನ ಮೇವನ್ನು ತಗ್ಗಿಸಿ ಬೆಳವಣಿಗೆಯನ್ನು ತಡೆಯುತ್ತದೆ. ಮೊದಲು ಒಂದು ರೆಂಬೆಗೆ ಮಾತ್ರ ಹಾಕಿ, ಎಲೆ ಸುಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಈಗಾಗಲೇ ತೂತಾಗಿರುವ ಕಾಯಿಗಳನ್ನು ಇಂದೇ ಕಿತ್ತು ಹುಳುಸಹಿತ ನಾಶಪಡಿಸಿ; ಗಿಡದ ಬುಡದಲ್ಲಿ ಎಸೆದರೆ ಹುಳು ಮಣ್ಣಿಗಿಳಿದು ಕೋಶವಾಗುತ್ತದೆ. ಬೆಳೆ ಮುಗಿದ ಮೇಲೆ ಮಣ್ಣನ್ನು ಅಗೆದು ತಿರುವಿದರೆ ಆ ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಗುತ್ತವೆ. ಯಾವುದನ್ನೇ ಸಿಂಪಡಿಸಿದರೂ ಪೊಟ್ಟಣದ ಮೇಲಿನ ಸೂಚನೆಯನ್ನು ಪಾಲಿಸಿ, ಹಣ್ಣನ್ನು ತೊಳೆಯದೆ ತಿನ್ನದಂತೆ ಮಕ್ಕಳಿಗೆ ತಿಳಿಸಿರಿ.