ಬೆಲೆ ಹೇಳುವಾಗ ದಾಕ್ಷಿಣ್ಯ, ಬಾಕಿ ಕೇಳುವಾಗ ಸಂಕೋಚ

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ಸ್ವಭಾವದವರವು. ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುವ, ಎದುರಿನವರ ಮುಖ ತುಸು ಬಾಡಿದರೂ ಗಮನಿಸುವ ಜನ ಇವರು. ಸ್ವಂತ ಉದ್ಯಮಕ್ಕೆ ಕೈಹಾಕುವಾಗ ಇವರಿಗೆ ಎದುರಾದ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಸೀರೆ, ರವಿಕೆಗಳಿಗೆ ಕಸೂತಿ ಹಾಕಿಕೊಡುತ್ತೇನೆ. ಇಷ್ಟು ದಿನ ಪರಿಚಯದವರಿಗೆ ಮಾತ್ರ. ಈಗ ಇದನ್ನೇ ಉದ್ಯೋಗ ಮಾಡಿಕೊಳ್ಳುವ ಆಸೆ. ಆದರೆ ಗಿರಾಕಿ 'ಇಷ್ಟಾ?' ಅಂದ ಕೂಡಲೇ ನಾನೇ ಬೆಲೆ ಇಳಿಸಿಬಿಡುತ್ತೇನೆ, ಆಮೇಲೆ ರಾತ್ರಿಯೆಲ್ಲ ಅದೇ ಯೋಚನೆ. ನನ್ನಂಥ ಅತಿ ಸೂಕ್ಷ್ಮ ಮನಸ್ಸಿನವರಿಗೆ ವ್ಯಾಪಾರ ಒಗ್ಗುತ್ತದೆಯೇ?
ಓದುಗಿ, ಧಾರವಾಡ

ಉತ್ತರ: ಒಗ್ಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೇನ್ ಆರನ್ 1990ರ ದಶಕದಿಂದ ಈ ಸ್ವಭಾವದ ಬಗ್ಗೆ ಅಧ್ಯಯನ ಮಾಡುತ್ತ ಬಂದವರು. ನೂರಕ್ಕೆ 15ರಿಂದ 20 ಮಂದಿ ಹೀಗಿರುತ್ತಾರೆ ಎಂಬುದು ಅವರ ಅಂದಾಜು. ಇದು ಕಾಯಿಲೆಯಲ್ಲ. ಕಂಡದ್ದು ಕೇಳಿದ್ದನ್ನು ಮನಸ್ಸು ಹೆಚ್ಚು ಆಳಕ್ಕೆ ಎಳೆದುಕೊಳ್ಳುತ್ತದೆ, ಹಾಗಾಗಿ ಬೇಗ ದಣಿಯುತ್ತದೆ. ಕಸೂತಿಗೆ ಬೇಕಾದದ್ದು ಇಂಥದೇ ಮನಸ್ಸು. ಗವಂತಿ, ಮುರ್ಗಿ, ನೇಗಿ, ಮೆಂತೆ, ಯಾವ ಹೊಲಿಗೆಯಾದರೂ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ ಎಳೆ ಎಣಿಸಿಯೇ ಹಾಕಬೇಕು. ಎರಡು ಎಳೆ ತಪ್ಪಿದರೆ ಗೋಪುರದ ಚಿತ್ತಾರವೇ ಓರೆ.

ನಿಮಗೆ ತೊಂದರೆಯಾಗುತ್ತಿರುವುದು ಸೂಜಿ ಕೆಳಗಿಟ್ಟು ಮಾತಿಗೆ ಕೂತಾಗ. 'ಧೈರ್ಯವಾಗಿ ಮಾತಾಡು' ಎಂಬ ಸಲಹೆಯಿಂದ ಪ್ರಯೋಜನವಿಲ್ಲ. ಎದುರಿನವರ ಮುಖ ನೋಡುತ್ತಾ ಬೆಲೆ ಕಟ್ಟುವ ಪ್ರಸಂಗವೇ ಬಾರದಂತೆ ಮಾಡಿಕೊಳ್ಳಿ.

ಮೊದಲು ಲೆಕ್ಕ. ಮುಂದಿನ ಮೂರು ರವಿಕೆಗಳಿಗೆ ತಗಲುವ ಸಮಯವನ್ನು ಬರೆದಿಡಿ. ಬಿಚ್ಚಿ ಮತ್ತೆ ಹಾಕಿದ್ದು, ದಾರ ತರಲು ಹೋದದ್ದು, ಫೋನಿನಲ್ಲಿ ಬಣ್ಣದ ಬಗ್ಗೆ ಮಾತಾಡಿದ್ದು ಎಲ್ಲವೂ ಅದರಲ್ಲಿ ಸೇರಲಿ. ಉದಾಹರಣೆಗೆ ಕಸೂತಿಗೆ 14 ಗಂಟೆ, ಉಳಿದದ್ದಕ್ಕೆ 2 ಗಂಟೆ ಎನ್ನೋಣ. ಗಂಟೆಗೆ 90 ರೂಪಾಯಿಯಂತೆ 1,440. ದಾರ, ಓಡಾಟಕ್ಕೆ 210 ಸೇರಿದರೆ 1,650. ತಿದ್ದುಪಡಿಗೆಂದು ಶೇ 15 ಕೂಡಿಸಿದರೆ ಸುಮಾರು 1,900. ಕೂಲಿಯ ದರ ನಿಮ್ಮ ಕೈಚಳಕ ನೋಡಿ ನೀವೇ ಇಟ್ಟುಕೊಳ್ಳಿ, ಆದರೆ ಒಮ್ಮೆ ಇಟ್ಟ ಮೇಲೆ ಆರು ತಿಂಗಳು ಮುಟ್ಟಬೇಡಿ.

ಇನ್ನು ದರಪಟ್ಟಿ. ಒಂದೇ ಬೆಲೆ ಬರೆದರೆ ಚೌಕಾಸಿಗೆ ಕರೆದಂತೆ. ಮೂರು ಬಗೆ ಬರೆಯಿರಿ. ತೋಳಿನ ಅಂಚಿಗಷ್ಟೇ 1,100, ತೋಳು ಮತ್ತು ಬೆನ್ನಿಗೆ 1,900, ಪೂರ್ತಿ ರವಿಕೆಗೆ ಅದಕ್ಕೆ ತಕ್ಕ ದರ. ಯಾರಾದರೂ ಕಡಿಮೆ ಮಾಡಿ ಎಂದರೆ ಬೆಲೆ ಇಳಿಸಬೇಡಿ, ಕೆಲಸ ಇಳಿಸಿ: 'ಆ ಬೆಲೆಗೆ ಅಂಚು ಮಾತ್ರ ಮಾಡಿಕೊಡುತ್ತೇನೆ.' ಈ ವಾಕ್ಯವನ್ನೂ ಬರೆದಿಟ್ಟುಕೊಳ್ಳಿ. ಪಟ್ಟಿಯ ಫೋಟೊ ಗಿರಾಕಿ ಮನೆಗೆ ಬರುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಹೋಗಿರಲಿ. ಬೆಲೆ ಕೇಳಿ ಹುಬ್ಬೇರಿಸುವವರು ತಮ್ಮ ಮನೆಯಲ್ಲೇ ಹುಬ್ಬೇರಿಸಿಕೊಳ್ಳುತ್ತಾರೆ, ಒಪ್ಪಿದವರು ಬರುತ್ತಾರೆ.

ಸೂಕ್ಷ್ಮ ಮನಸ್ಸಿನವರು ಹೆಚ್ಚಾಗಿ ಸೋಲುವ ಜಾಗ ಇನ್ನೊಂದಿದೆ. ಬೆಲೆ ಹೇಳಿದ ಮೇಲೆ ಗಿರಾಕಿ ಸುಮ್ಮನಾಗುತ್ತಾರೆ. ಅವರು ಬಹುಶಃ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿರುತ್ತಾರೆ, ನಿಮಗೆ ಅದು ಅಸಮಾಧಾನವಾಗಿ ಕಾಣುತ್ತದೆ. ಅವರು ಕೇಳುವ ಮೊದಲೇ ನೂರು ಇನ್ನೂರು ಬಿಟ್ಟುಬಿಡುತ್ತೀರಿ. ಆ ಹೊತ್ತಿಗೆ ಕೈಗೆ ಕೆಲಸ ಕೊಡಿ: ಆರ್ಡರ್ ಪುಸ್ತಕದಲ್ಲಿ ದಿನಾಂಕ, ಅಳತೆ, ದಾರದ ಬಣ್ಣ ಬರೆಯುತ್ತಿರಿ. ಅರ್ಧ ಹಣ ಮುಂಗಡ ಬಂದ ಮೇಲೆಯೇ ಬಟ್ಟೆಗೆ ಸೂಜಿ ಹಾಕಿ.

ನೆಂಟರ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ. ವರ್ಷಕ್ಕೆ ಇಂತಿಷ್ಟು ಎಂದು ಉಡುಗೊರೆಯಾಗಿ ಪೂರ್ತಿ ಪುಕ್ಕಟೆ ಮಾಡಿಕೊಡಿ, ಆದರೆ ಅರ್ಧ ಬೆಲೆಗೆ ಮಾತ್ರ ಯಾರಿಗೂ ಬೇಡ. ಉಡುಗೊರೆ ಉಡುಗೊರೆಯಾಗಿಯೇ ಉಳಿಯುತ್ತದೆ, ಅರ್ಧ ಬೆಲೆ ಮಾತ್ರ ಊರಿಗೆಲ್ಲ ನಿಮ್ಮ ನಿಜವಾದ ಬೆಲೆಯಾಗಿ ಹರಡುತ್ತದೆ.

ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 22 ದಿನ ಕೂತರೆ 88 ಗಂಟೆ. ಲೆಕ್ಕಕ್ಕೆ ಐದು ರವಿಕೆ ಆಗುತ್ತವೆ, ನಾಲ್ಕನ್ನೇ ಒಪ್ಪಿಕೊಳ್ಳಿ. ಮಿಕ್ಕ ಸಮಯ ತಿದ್ದುವುದಕ್ಕೆ, ತಲೆನೋವು ಬಂದ ದಿನಕ್ಕೆ ಬೇಕಾಗುತ್ತದೆ. ಹೊಲಿಯುವಾಗ ಫೋನ್ ಇನ್ನೊಂದು ಕೋಣೆಯಲ್ಲಿರಲಿ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕೆಲಸದ ವೇಳೆ ನಮೂದಿಸಿ, 'ಸಂಜೆ 5ರಿಂದ 6ರೊಳಗೆ ಉತ್ತರಿಸುತ್ತೇನೆ' ಎಂಬ ಸಂದೇಶ ತಾನಾಗಿ ಹೋಗುವಂತೆ ಇಡಬಹುದು.

ಪ್ರಶ್ನೆ: ಬಟ್ಟೆಯ ಚೀಲ ಹೊಲಿದು ಎರಡು ಅಂಗಡಿಗಳಿಗೆ ಸಗಟಾಗಿ ಕೊಡುತ್ತೇನೆ. ಮೂರು ತಿಂಗಳ ಬಾಕಿ ಇದೆ. ಕೇಳಲು ಫೋನ್ ಎತ್ತಿದರೆ ಎದೆ ಹೊಡೆದುಕೊಳ್ಳುತ್ತದೆ.
ಓದುಗ, ದಾವಣಗೆರೆ

ಉತ್ತರ: ಫೋನ್ ಎತ್ತಲೇಬೇಡಿ, ಬರೆದು ಕೇಳಿ. ಅದಕ್ಕೆ ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ನೋಂದಣಿ, ಮಾಡಿಸಿ. ಸರ್ಕಾರಿ ಜಾಲತಾಣದಲ್ಲಿ ಆಧಾರ್, ಪ್ಯಾನ್ ಸಂಖ್ಯೆಗಳಿಂದ ಆಗುತ್ತದೆ, ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿ ತಾಣಗಳಿಗೆ ಹೋಗಬೇಡಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದ ಇಲ್ಲದಿದ್ದರೆ ಸರಕು ಒಪ್ಪಿಕೊಂಡ 15 ದಿನದೊಳಗೆ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಖರೀದಿದಾರ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ 'ಬ್ಯಾಂಕ್ ದರ' ಎಂಬ ಬಡ್ಡಿದರದ ಮೂರು ಪಟ್ಟು ಬಡ್ಡಿ, ತಿಂಗಳ ಲೆಕ್ಕದ ಚಕ್ರಬಡ್ಡಿ. ನೋಂದಣಿ ಸರಬರಾಜಿಗೆ ಮೊದಲೇ ಇದ್ದರೆ ಈ ರಕ್ಷಣೆಗೆ ಬಲ, ಹಾಗಾಗಿ ಇದನ್ನು ಮುಂದೂಡಬೇಡಿ. ನಿಮ್ಮ ಸಂಕೋಚಕ್ಕೆ ಇಲ್ಲೊಂದು ಉತ್ತರವೂ ಇದೆ: ನೀವು ಉಪಕಾರ ಬೇಡುತ್ತಿಲ್ಲ, ಕಾನೂನು ಹಾಕಿದ ಗಡುವನ್ನು ನೆನಪಿಸುತ್ತಿದ್ದೀರಿ.

ಮನಸ್ಸು ಶಾಂತವಿರುವ ಒಂದು ದಿನ ನಾಲ್ಕು ಸಂದೇಶ ಬರೆದಿಟ್ಟುಕೊಳ್ಳಿ. ಒಂದು ಬಿಲ್ಲಿನ ಜೊತೆಗೆ, ಒಂದು ಗಡುವಿಗೆ ಮೂರು ದಿನ ಮೊದಲು, ಒಂದು ಗಡುವಿನ ದಿನ, ಇನ್ನೊಂದು ವಾರದ ನಂತರ. ಬಿಲ್ ಸಂಖ್ಯೆ, ಮೊತ್ತ, ದಿನಾಂಕ ಮೂರೇ ಇರಲಿ. 'ದಯವಿಟ್ಟು ತಪ್ಪು ತಿಳಿಯಬೇಡಿ', 'ನಿಮಗೆ ಅನುಕೂಲವಾದಾಗ' ಎಂಬ ಮಾತು ಸೇರಿತೋ, ಪಾವತಿ ಇನ್ನಷ್ಟು ಹಿಂದಕ್ಕೆ ಹೋಯಿತು. ನಾಲ್ಕನೆಯದಕ್ಕೂ ಉತ್ತರ ಬಾರದಿದ್ದರೆ ಮುಂದಿನ ಮಾಲು ನಿಲ್ಲಿಸಿ. ಆಮೇಲೂ ಹಟ ಮಾಡಿದರೆ ರಾಜ್ಯದ ಎಂಎಸ್‌ಎಂಇ ಸೌಲಭ್ಯ ಮಂಡಳಿಗೆ ಆನ್‌ಲೈನ್ ದೂರು ಕೊಡಬಹುದು. ಬಿಲ್ಲು ಮತ್ತು ಸರಕು ತಲುಪಿದ ರಸೀದಿಗೆ ಸಹಿ ಇಲ್ಲದಿದ್ದರೆ ಅಲ್ಲಿ ನಿಲ್ಲುವುದು ಕಷ್ಟ, ಆದ್ದರಿಂದ ಇವತ್ತಿನಿಂದಲೇ ಸಹಿ ಪಡೆಯಿರಿ.

ಪ್ರಶ್ನೆ: ಮಣ್ಣಿನ ಆಭರಣ ಮಾಡುತ್ತೇನೆ. ಮೇಳಗಳಲ್ಲಿ ಮಳಿಗೆ ಹಾಕಿದರೆ ಮಧ್ಯಾಹ್ನದೊಳಗೆ ಗದ್ದಲಕ್ಕೆ ತಲೆ ಸಿಡಿಯುತ್ತದೆ.
ಓದುಗಿ, ಶಿವಮೊಗ್ಗ

ಉತ್ತರ: ಹಣ ಕಟ್ಟುವ ಮೊದಲು ಮೇಳದ ನಕ್ಷೆ ಕೇಳಿ. ವೇದಿಕೆ, ಧ್ವನಿವರ್ಧಕ, ಜನರೇಟರ್ ಇವುಗಳಿಂದ ದೂರದ ಮೂಲೆ ಆರಿಸಿ. ಮೂಲೆಗೆ ಎರಡು ಕಡೆಯಿಂದ ಜನ ಬರುವುದೂ ಲಾಭವೇ. ಒಬ್ಬರೇ ಹೋಗಬೇಡಿ. ಒಂದೂವರೆ ಗಂಟೆಗೊಮ್ಮೆ ಮಳಿಗೆಯನ್ನು ಜೊತೆಗಿರುವವರಿಗೆ ಒಪ್ಪಿಸಿ, 20 ನಿಮಿಷ ಹೊರಗೆ ಹೋಗಿ ಬನ್ನಿ. ಪ್ರತಿ ಓಲೆಗೂ ಬೆಲೆಚೀಟಿ ಇದ್ದರೆ 'ಇದೆಷ್ಟು' ಎಂಬ ಪ್ರಶ್ನೆ ಬಹಳಷ್ಟು ಕಡಿಮೆಯಾಗುತ್ತದೆ. ಮೇಳದ ಮರುದಿನ ಯಾವ ಆರ್ಡರನ್ನೂ ಕೊಡುವುದಾಗಿ ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ಒಬ್ಬರು ಆನ್‌ಲೈನ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಕಟುವಾಗಿ ಬರೆದಿದ್ದಾರೆ. ಊಟ ಸೇರುತ್ತಿಲ್ಲ.
ಓದುಗಿ, ಮೈಸೂರು

ಉತ್ತರ: ಇವತ್ತು ಉತ್ತರಿಸಬೇಡಿ. ನಾಳೆ ಬೆಳಿಗ್ಗೆ ಅವರು ಬರೆದದ್ದನ್ನು ಕಾಗದಕ್ಕಿಳಿಸಿ, ವಸ್ತುವಿನ ಬಗ್ಗೆ ಹೇಳಿದ್ದಕ್ಕೆ ಒಂದು ಬಣ್ಣದ ಗೆರೆ, ತಲುಪಿಸಿದ ರೀತಿಗೆ ಇನ್ನೊಂದು ಬಣ್ಣದ ಗೆರೆ ಎಳೆಯಿರಿ. ನಿಮ್ಮನ್ನು ಕುರಿತ ಮಾತಿಗೆ ಗೆರೆ ಬೇಡ. ಗೆರೆ ಬಿದ್ದದ್ದಕ್ಕೆ ಮಾತ್ರ ಎರಡು ಮೂರು ಸಾಲಿನ ಉತ್ತರ ಬರೆದು, ಮನೆಯವರೊಬ್ಬರಿಗೆ ತೋರಿಸಿ ಹಾಕಿ. ಎಷ್ಟು ರೂಪಾಯಿವರೆಗಿನ ವಸ್ತುವನ್ನು ವಾದವಿಲ್ಲದೆ ಬದಲಿಸಿಕೊಡುತ್ತೀರಿ ಎಂಬ ಮಿತಿಯನ್ನೂ ಈಗಲೇ ಗೊತ್ತುಮಾಡಿಕೊಂಡರೆ ಮುಂದಿನ ಸಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಊಟ, ನಿದ್ದೆ ಎರಡು ವಾರವಾದರೂ ಸರಿಹೋಗದಿದ್ದರೆ ಅದು ಸ್ವಭಾವದ ಮಾತಲ್ಲ, ನೆರವು ಬೇಕಾದ ಸ್ಥಿತಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.