ಅಮೆರಿಕದ ಒಂದು ರಾಜ್ಯದ ಪೊಲೀಸ್, ಅಗ್ನಿಶಾಮಕ ರೇಡಿಯೋ ಜಾಲವನ್ನು ಡಿಜಿಟಲ್ ಮಾಡುವ ಯೋಜನೆಗೆ ಹೊಸದಾಗಿ ಸೇರಿದ್ದೇನೆ. ಪಿ25ರಲ್ಲಿ (ತುರ್ತು ಸೇವೆಗಳ ಡಿಜಿಟಲ್ ರೇಡಿಯೋ ಮಾನದಂಡ) ಫೇಸ್ 1 ಸಾಕಾ, ಫೇಸ್ 2 ಬೇಕಾ?

ಫೇಸ್ 1, ಫೇಸ್ 2 ಎರಡನ್ನೂ ಸದ್ಯಕ್ಕೆ ಬದಿಗಿಡಿ. ನಾನೂ ಇದೇ ಕೆಲಸದಲ್ಲಿದ್ದೆ. ನಿಮ್ಮದಲ್ಲದ ಇನ್ನೊಂದು ರಾಜ್ಯ. ಹಳೆಯ ವಿಎಚ್‌ಎಫ್ (ಕೆಳಗಿನ ಆವರ್ತನದ) ಅನಲಾಗ್ ತೆಗೆದು 800 ಮೆಗಾಹರ್ಟ್ಸ್‌ನಲ್ಲಿ ಪಿ25 ಟ್ರಂಕಿಂಗ್ ಜಾಲ, ಅಂದರೆ ಎಲ್ಲರೂ ಗೋಪುರಗಳ ಮೂಲಕ ಚಾನೆಲ್ ಹಂಚಿಕೊಳ್ಳುವ ಜಾಲ ಹಾಕುತ್ತಿದ್ದೆವು. ನಮ್ಮ ಮೀಟಿಂಗ್‌ಗಳಲ್ಲೂ ತಿಂಗಳುಗಟ್ಟಲೆ ಇದೇ ಚರ್ಚೆ. ಒಂದು ಚಾನೆಲ್‌ನಲ್ಲಿ ಒಂದು ಮಾತು (ಫೇಸ್ 1) ಹೋಗಬೇಕೋ ಎರಡು (ಫೇಸ್ 2) ಹೋಗಬೇಕೋ ಅನ್ನುವುದಕ್ಕೆ ಅಷ್ಟು ಹೊತ್ತು ಕಳೆದೆವು. ಪೆಟ್ಟು ಬಿದ್ದದ್ದು ಬೇರೆ ಕಡೆ, ಒಪ್ಪಂದದ ಒಂದೇ ಒಂದು ಸಾಲಿನಲ್ಲಿ.

ಪ್ರತಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಶೇ 95ರಷ್ಟು ಜಾಗದಲ್ಲಿ, ವಾಹನದ ರೇಡಿಯೋಗೆ, ಡಿಎಕ್ಯೂ (ಧ್ವನಿಯ ಗುಣಮಟ್ಟದ ಅಳತೆ) 3.4 ಮಟ್ಟದ ಧ್ವನಿ ಸಿಗಬೇಕು. ಇದೇ ಆ ಸಾಲು. ಡಿಎಕ್ಯೂ 3.4 ಅಂದರೆ 'ಇನ್ನೊಮ್ಮೆ ಹೇಳಿ' ಅನ್ನುವ ಪ್ರಸಂಗ ಅಪರೂಪಕ್ಕೆ ಬರುವಷ್ಟು ಸ್ಪಷ್ಟ. ಓದಿದರೆ ತಪ್ಪೇ ಕಾಣುವುದಿಲ್ಲ, ಅಲ್ವಾ? ನಮ್ಮ ತಂಡದಲ್ಲಿ ಯಾರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

'ವಾಹನದ ರೇಡಿಯೋಗೆ' ಅನ್ನುವ ಆ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲವೂ ಇದರಲ್ಲೇ ಇದೆ. 800 ಮೆಗಾಹರ್ಟ್ಸ್‌ನಲ್ಲಿ ವಾಹನದ ರೇಡಿಯೋ ಸಾಮಾನ್ಯವಾಗಿ 35 ವ್ಯಾಟ್. ಆಂಟೆನಾ ಗಾಡಿಯ ಚಾವಣಿ ಮೇಲೆ, ಸುತ್ತ ಬಯಲು. ಅಗ್ನಿಶಾಮಕ ಸಿಬ್ಬಂದಿಯ ಕೈರೇಡಿಯೋ 3 ವ್ಯಾಟ್. ಗಿಡ್ಡ ಆಂಟೆನಾ. ಅದೂ ಸೊಂಟದಲ್ಲಿ ನೇತಾಡುತ್ತಿರುತ್ತದೆ, ಮನುಷ್ಯನ ಮೈಯೇ ಅದಕ್ಕೆ ಅಡ್ಡ. ವ್ಯಾಟ್ ಲೆಕ್ಕದಲ್ಲೇ ಸುಮಾರು 10 ಡಿಬಿ (ಡೆಸಿಬೆಲ್, ಸಂಕೇತದ ಬಲದ ಅಳತೆ) ಹೋಯಿತು, ಅಂದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ಮೈ ಮತ್ತು ಗಿಡ್ಡ ಆಂಟೆನಾ ಸೇರಿ ಇನ್ನೊಂದಷ್ಟು ತಿನ್ನುತ್ತವೆ. ಆಮೇಲೆ ಕಾಂಕ್ರೀಟ್ ಗೋಡೆ, ಅದರ ಕೆಳಗೆ ನೆಲಮಾಳಿಗೆ. ಎಲ್ಲ ಕೂಡಿ 30 ಡಿಬಿ ಕಳೆದರೆ ಸಾವಿರದಲ್ಲಿ ಒಂದು ಪಾಲು ಮಾತ್ರ ಗೋಪುರ ಮುಟ್ಟುತ್ತದೆ.

ಪರೀಕ್ಷೆ ಒಪ್ಪಂದದ ಪ್ರಕಾರವೇ ನಡೆಯಿತು. ರಾಜ್ಯವನ್ನು ಚೌಕಗಳಾಗಿ ಹಂಚಿ, ಅಳತೆಯ ಉಪಕರಣ ಇಟ್ಟುಕೊಂಡ ಗಾಡಿಗಳು ರಸ್ತೆ ರಸ್ತೆ ಸುತ್ತಿದವು. ನಕ್ಷೆ ಪೂರ್ತಿ ಹಸಿರು. ಕಂಪನಿಗೆ ದುಡ್ಡು ಸಂದಾಯವಾಯಿತು. ಅವರು ಮೋಸ ಮಾಡಿರಲಿಲ್ಲ, ನಾವು ಕೇಳಿದ್ದನ್ನೇ ಕೊಟ್ಟಿದ್ದರು.

ಜಾಲ ಬದಲಾದ ಕೆಲವೇ ವಾರಗಳಲ್ಲಿ ಒಂದು ಸಣ್ಣ ಊರಿನ ಅಗ್ನಿಶಾಮಕ ತಂಡ ಹಳೆಯ ಶಾಲೆಯ ನೆಲಮಾಳಿಗೆಯಲ್ಲಿ ತರಬೇತಿ ಮಾಡಿತು. ಮಾಸ್ಕ್ ಹಾಕಿಕೊಂಡು ಇಬ್ಬರು ಒಳಗೆ ಹೋದರು. ಬಟನ್ ಒತ್ತಿದರೆ 'ಬಾಂಕ್' ಅಂತ ಶಬ್ದ. ಜಾಲ ಸಿಗುತ್ತಿಲ್ಲ ಅನ್ನುವ ಸೂಚನೆ ಅದು. ಮೆಟ್ಟಿಲ ಮೇಲೆ ನಿಂತಿದ್ದ ಅವರ ಕ್ಯಾಪ್ಟನ್‌ಗೆ ಏನೂ ಕೇಳಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರ ಇದ್ದರು! ಆದರೆ ಟ್ರಂಕಿಂಗ್‌ನಲ್ಲಿ ಪಕ್ಕದವನ ಜೊತೆಗಿನ ಮಾತೂ ಮೊದಲು ಗೋಪುರಕ್ಕೆ ಹೋಗಿ ವಾಪಸ್ ಬರಬೇಕು. ಅವರ ಹಳೆಯ ವಿಎಚ್‌ಎಫ್ ಸೆಟ್ ಒಂದರಿಂದೊಂದಕ್ಕೆ ನೇರವಾಗಿ ಮಾತಾಡುತ್ತಿತ್ತು. ನಾವು ಅದನ್ನು ಕಿತ್ತುಕೊಂಡು ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯ ವಸ್ತು ಕೊಟ್ಟಿದ್ದೆವು. ತರಬೇತಿ ಆಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಇನ್ನೊಂದು ವಿಷಯ ಆ ಅಗ್ನಿಶಾಮಕ ಸಿಬ್ಬಂದಿಯೇ ಹೇಳಿದ್ದು. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಎಫ್‌ಎಂ ಕೇಳಿದ್ದೀರಾ? ಮೊದಲು ಸರಸರ, ಆಮೇಲೆ ಹಾಡಿಗಿಂತ ಸದ್ದೇ ಜಾಸ್ತಿ, ಕೊನೆಗೆ ಹಾಡು ಹೋಗುತ್ತದೆ. ಅನಲಾಗ್ ಸೆಟ್ಟೂ ಹಾಗೇ ಎಚ್ಚರಿಕೆ ಕೊಡುತ್ತಿತ್ತು, ಸದ್ದು ಜಾಸ್ತಿಯಾದರೆ ಸಿಬ್ಬಂದಿ ಎರಡು ಹೆಜ್ಜೆ ಹಿಂದೆ ಬರುತ್ತಿದ್ದರು. ಡಿಜಿಟಲ್‌ನಲ್ಲಿ ತೀರಾ ಕೊನೆಯವರೆಗೂ ಧ್ವನಿ ಶುದ್ಧ, ಆಮೇಲೆ ಒಮ್ಮೆಲೇ ಇಲ್ಲ. ಇದನ್ನು ಯಾರೂ ಅವರಿಗೆ ಮೊದಲೇ ಕಲಿಸಿರಲಿಲ್ಲ.

ಆಮೇಲಿನ ರಿಪೇರಿಗೆ ವರ್ಷಗಳು ಹಿಡಿದವು. ಹೊಸ ಗೋಪುರ ಅಂದರೆ ಜಾಗ, ಗುತ್ತಿಗೆ, ವಿಮಾನಯಾನ ಇಲಾಖೆಯ ಒಪ್ಪಿಗೆ, ಪರಿಸರ ತಪಾಸಣೆ, ಊರಿನವರ ಆಕ್ಷೇಪ. ಅಗ್ನಿಶಾಮಕ ಗಾಡಿಗಳಿಗೆ ರಿಪೀಟರ್ (ಕೈರೇಡಿಯೋದ ಮಾತನ್ನು ಹಿಡಿದು ಮುಂದಕ್ಕೆ ಕಳಿಸುವ ಯಂತ್ರ) ಹಾಕಿಸಿದೆವು. ದುಡ್ಡಿಗಾಗಿ ಮತ್ತೆ ಶಾಸನಸಭೆಯ ಮುಂದೆ ಹೋಗಬೇಕಾಯಿತು. ಕಳೆದ ನಂಬಿಕೆ ಮಾತ್ರ ಸುಲಭಕ್ಕೆ ಬರಲಿಲ್ಲ. ಎಷ್ಟೋ ತಂಡಗಳು ಹಳೆಯ ಸೆಟ್‌ಗಳನ್ನು ಗಾಡಿಯಿಂದ ತೆಗೆಯಲೇ ಇಲ್ಲ. ಅವರು ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ.

ಹಾಗಂತ ಡಿಜಿಟಲ್ ಬೇಡ ಅನ್ನುವವನಲ್ಲ ನಾನು. 2007ರ ಆಗಸ್ಟ್ 1ರಂದು ಮಿನಿಯಾಪೊಲಿಸ್‌ನಲ್ಲಿ ಐ-35ಡಬ್ಲ್ಯೂ ಸೇತುವೆ ಮಿಸಿಸಿಪ್ಪಿ ನದಿಗೆ ಕುಸಿದು 13 ಜನ ಸತ್ತರು. ಆ ದಿನ ಬೇರೆ ಬೇರೆ ಇಲಾಖೆಗಳು ಆರ್ಮರ್ ಅನ್ನುವ ಒಂದೇ ಡಿಜಿಟಲ್ ಜಾಲದಲ್ಲಿ ಪರಸ್ಪರ ಮಾತಾಡಿದವು. ಇಲಾಖೆಗೊಂದು ಬೇರೆ ಜಾಲ ಇದ್ದಿದ್ದರೆ ಅದು ಕಷ್ಟವಿತ್ತು. ಈ ಲಾಭ ನಿಜ. ಆದರೆ 'ಸರ್ಕಾರದ ಆದೇಶ, ಡಿಜಿಟಲ್ ಮಾಡಲೇಬೇಕು' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2013ರ ಜನವರಿ 1ರೊಳಗೆ ವಿಎಚ್‌ಎಫ್, ಯುಎಚ್‌ಎಫ್ ಚಾನೆಲ್‌ಗಳನ್ನು 12.5 ಕಿಲೋಹರ್ಟ್ಸ್‌ಗೆ ಕಿರಿದು ಮಾಡಿ ಅಂದಿತ್ತು. ಅದನ್ನು ಅನಲಾಗ್‌ನಲ್ಲೂ ಮಾಡಬಹುದಿತ್ತು.

ಆದ್ದರಿಂದ ನೀವು ಕೇಳಬೇಕಾದದ್ದು ಯಾವ ಫೇಸ್ ಅಂತ ಅಲ್ಲ. ಯಾರು, ಎಲ್ಲಿ ನಿಂತು, ಯಾವ ಸೆಟ್ ಹಿಡಿದು ಮಾತಾಡುತ್ತಾರೆ ಅಂತ. ಒಪ್ಪಂದದಲ್ಲಿ 'ಸೊಂಟದಲ್ಲಿರುವ ಕೈರೇಡಿಯೋ, ಕಟ್ಟಡದ ಒಳಗೆ, ಎರಡೂ ದಿಕ್ಕಿನ ಮಾತು' ಅಂತ ಬರೆಸಿ. ಊರಿನ ಭಾಗಕ್ಕೆ ಎಷ್ಟು ಡಿಬಿ ಕಟ್ಟಡ ನಷ್ಟ ಅಂತ ಅಂಕಿ ಹಾಕಿಸಿ. ವೆಚ್ಚ ಏರುತ್ತದೆ, ಗೋಪುರ ಹೆಚ್ಚು ಬೇಕಾಗುತ್ತದೆ, ಮೇಲಿನವರು ಮುಖ ಗಂಟಿಕ್ಕುತ್ತಾರೆ. ಬಿಡಬೇಡಿ. ಗದ್ದಲದಲ್ಲೂ ಪರೀಕ್ಷೆ ಮಾಡಿಸಿ. 2008ರಲ್ಲಿ ಅಮೆರಿಕ ಸರ್ಕಾರದ ದೂರಸಂಪರ್ಕ ಸಂಸ್ಥೆ ಎನ್‌ಟಿಐಎ ಪ್ರಯೋಗಾಲಯ ಪ್ರಕಟಿಸಿದ ಪರೀಕ್ಷೆಯಲ್ಲಿ, ಮಾಸ್ಕ್ ಮತ್ತು ಅಲಾರಂ, ಗರಗಸದಂಥ ಸದ್ದಿನ ನಡುವೆ ಕೆಲವು ಸಂದರ್ಭಗಳಲ್ಲಿ ಡಿಜಿಟಲ್ ಮಾತು ಅನಲಾಗ್‌ಗಿಂತ ಕಡಿಮೆ ಅರ್ಥವಾಗಿತ್ತು. ಆಮೇಲೆ ಸುಧಾರಣೆ ಆಗಿದೆ, ಆದರೂ ನಿಮ್ಮವರ ಕಿವಿಗೆ ಕೇಳಿಸಿ ನೋಡಿ. ಬೆಂಕಿಯ ಜಾಗಕ್ಕೆ ಗೋಪುರ ಬೇಡದ ನೇರ ಚಾನೆಲ್ ಇರಲೇಬೇಕು, ಇದರಲ್ಲಿ ನಾನು ರಾಜಿಯೇ ಆಗುವುದಿಲ್ಲ. ಫಸ್ಟ್‌ನೆಟ್‌ನ (ತುರ್ತು ಸೇವೆಗಳ ಮೊಬೈಲ್ ಜಾಲ) ಎಲ್‌ಟಿಇ ಇದೆಯಲ್ಲ ಅಂತ ಯಾರಾದರೂ ಅಂದರೆ, ಡೇಟಾಗೆ ಬಳಸಿ, ನೆಲಮಾಳಿಗೆಯಲ್ಲಿರುವವನ ಪ್ರಾಣವನ್ನು ಅದಕ್ಕೆ ಒಪ್ಪಿಸಬೇಡಿ.

ಇನ್ನು ಫೇಸ್ 2. ಒಂದೇ 12.5 ಕಿಲೋಹರ್ಟ್ಸ್ ಚಾನೆಲ್‌ನಲ್ಲಿ ಎರಡು ಮಾತು ಹೋಗುತ್ತದೆ, ಚಾನೆಲ್ ಸಿಗದ ದೊಡ್ಡ ಊರುಗಳಲ್ಲಿ ಉಪಯೋಗ. ಹಳ್ಳಿ ಕಡೆ ಅದರ ಅಗತ್ಯ ಕಡಿಮೆ. ಆದರೆ ಒಂದು ಟಾಕ್‌ಗ್ರೂಪ್‌ಗೆ (ಒಟ್ಟಿಗೆ ಮಾತಾಡುವ ಸೆಟ್‌ಗಳ ಗುಂಪು) ಒಂದೇ ಒಂದು ಫೇಸ್ 1 ಸೆಟ್ ಸೇರಿದರೂ ಆ ಗ್ರೂಪ್‌ನ ಮಾತು ಫೇಸ್ 1ಕ್ಕೆ ಇಳಿಯುತ್ತದೆ, ಉಳಿತಾಯ ಹೋಯಿತು. ಹಾಗಾಗಿ ಏನೇ ನಿರ್ಧಾರ ಮಾಡುವ ಮುಂಚೆ ಪ್ರತಿ ಕೌಂಟಿಯಲ್ಲಿ ಯಾವ ಸೆಟ್ ಎಷ್ಟಿದೆ ಅನ್ನುವ ಲೆಕ್ಕ ತರಿಸಿಕೊಳ್ಳಿ. ಸ್ವಯಂಸೇವಕ ಅಗ್ನಿಶಾಮಕ ತಂಡಗಳನ್ನು ಆ ಪಟ್ಟಿಯಿಂದ ಬಿಡಬೇಡಿ, ಹಳೆಯ ಸೆಟ್‌ಗಳು ಹೆಚ್ಚಾಗಿ ಅವರ ಹತ್ತಿರವೇ ಇರುತ್ತವೆ.